ತೊಂಬತ್ತು ಕಿಲೋ ತೂಕದ ಬಟ್ಟಿನ ಕೆಲಸದಿಂದ ಬಿಡುಗಡೆ ಕೋರಿ

ಇಂದ,
ಹಿರಿಯ ತಕ್ಕಡಿ ರಿಪೇರಿಗಾರ,
ಮೂರನೇ ಮೇಜು, ಕಿಟಕಿಯ ಪಕ್ಕ
(ಕೆಲಸದ ಜಾಗದಲ್ಲಿ ‘ತೊಂಬತ್ತು’ ಎಂದು ಕರೆಯಲ್ಪಡುವವನು)

ಗೆ,
ಮಾನ್ಯ ಮೇಲ್ವಿಚಾರಕರು,
ತಕ್ಕಡಿ ರಿಪೇರಿ ಮತ್ತು ಸೀಲು ವಿಭಾಗ,
ಮೆಟ್ಟಿಲ ಮೇಲಿನ ಗಾಜಿನ ಕೋಣೆ

ವಿಷಯ: ಅರ್ಜಿದಾರನನ್ನು ತೊಂಬತ್ತು ಕಿಲೋ ತೂಕದ ಬಟ್ಟಿನ ಹೆಚ್ಚುವರಿ ಹೊಣೆಯಿಂದ ಕೂಡಲೇ ಬಿಡುಗಡೆ ಮಾಡುವ ಬಗ್ಗೆ, ಹಾಗೂ ಅರ್ಜಿದಾರನ ಹೆಂಡತಿ ಬಿಸ್ಕತ್ತು ತಿಂದಿಲ್ಲವೆಂದು ಸೀಲು ಸಹಿತ ಪತ್ರ ನೀಡುವ ಬಗ್ಗೆ.

ಉಲ್ಲೇಖ: 1) ಹನ್ನೊಂದು ವರ್ಷಗಳ ಹಿಂದಿನ ತಮ್ಮ ಬಾಯಿಮಾತಿನ ಆದೇಶ.
2) ಡಾಕ್ಟರು ಕೊಟ್ಟ ಚೀಟಿ, ನಾಲ್ಕು ತಿಂಗಳ ಹಿಂದಿನದು.
3) ಅರ್ಜಿದಾರನ ಹೆಂಡತಿಯ ಬಾಯಿಮಾತಿನ ಆದೇಶ, ನಿನ್ನೆ ಸಂಜೆ, ಹೊಲಿಗೆ ಯಂತ್ರದ ಪಕ್ಕ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಈ ಅರ್ಜಿ ಉದ್ದವಾಗಿದೆ. ಒಂದು ಪುಟಕ್ಕಿಂತ ಹೆಚ್ಚಿನ ಅರ್ಜಿಗಳನ್ನು ತಾವು ಓದದೆ ಕಿಟಕಿ ಬಡಿಯದಂತೆ ಸಂದಿಗೆ ಸಿಕ್ಕಿಸುತ್ತೀರೆಂದು ವಿಭಾಗದಲ್ಲಿ ಎಲ್ಲರಿಗೂ ಗೊತ್ತು. ಆದರೆ ತಾವು ಮೂರು ತಿಂಗಳಿಂದ ಟೀಗೆ ಸಕ್ಕರೆ ಬಿಟ್ಟಿರುವ ವಿಚಾರವೂ ಇದರಲ್ಲಿ ಬರುವುದರಿಂದ, ಪೂರ್ತಿ ಓದಬೇಕಾಗಿ ವಿನಂತಿ.

1. ಬಟ್ಟಿನ ಹುದ್ದೆಯ ಹಿನ್ನೆಲೆ

ಹನ್ನೊಂದು ವರ್ಷಗಳ ಹಿಂದೆ ವಿಭಾಗದ ನಾಲ್ಕು ಇಪ್ಪತ್ತು ಕಿಲೋ ಬಟ್ಟುಗಳನ್ನೂ ಒಂದು ಹತ್ತು ಕಿಲೋ ಬಟ್ಟನ್ನೂ ಪರಿಶೀಲನೆಗೆಂದು ಕೇಂದ್ರ ಕಚೇರಿಗೆ ಕಳಿಸಲಾಯಿತು. ಅವು ಇಂದಿಗೂ ಪರಿಶೀಲನೆಯಲ್ಲಿವೆ. ಬಟ್ಟುಗಳಿಲ್ಲದೆ ದೊಡ್ಡ ತಕ್ಕಡಿಯನ್ನು ಸರಿಮಾಡುವುದು ಹೇಗೆಂದು ಸೀಲು ಹಾಕುವ ಹಿರಿಯರು ತಮ್ಮನ್ನು ಕೇಳಿದರು. (ಇವರನ್ನು ಎಲ್ಲರೂ ಸೀಲಣ್ಣ ಎನ್ನುವುದರಿಂದ ಮುಂದೆಯೂ ಹಾಗೆಯೇ ಬರೆಯಲಾಗಿದೆ.) ತಾವು ಗಾಜಿನ ಕೋಣೆಯಿಂದ ಕೆಳಗೆ ನೋಡಿದಿರಿ. ಅರ್ಜಿದಾರ ಆಗತಾನೇ ಊಟದ ಡಬ್ಬಿ ಹಿಡಿದು ಒಳಗೆ ಬರುತ್ತಿದ್ದ. ಹಿಂದಿನ ದಿನ, ಬಟ್ಟುಗಳು ಇನ್ನೂ ಇದ್ದಾಗ, ಅವನನ್ನು ತಮಾಷೆಗೆ ತೂಗಿ ಸರಿಯಾಗಿ ತೊಂಬತ್ತು ಕಿಲೋ ಎಂದು ಎಲ್ಲರೂ ನಕ್ಕಿದ್ದರು. ತಮಗೆ ಅದು ನೆನಪಿತ್ತು. “ಬಟ್ಟು ಬರೋವರೆಗೂ ನೀನೇ ನಿಲ್ಲಯ್ಯ” ಎಂದಿರಿ.

ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅರ್ಜಿದಾರ ಚಪ್ಪಲಿ ಬಿಟ್ಟು, ಜೇಬಿನ ಕೀಲಿ, ಚಿಲ್ಲರೆ ತೆಗೆದಿಟ್ಟು ದೊಡ್ಡ ತಕ್ಕಡಿಯ ಹಲಗೆಯ ಮೇಲೆ ನಿಲ್ಲುತ್ತಾನೆ. ಮುಳ್ಳು ತೊಂಬತ್ತಕ್ಕೆ ಬರುವವರೆಗೂ ಸೀಲಣ್ಣ ತಿರುಪು ತಿರುಗಿಸುತ್ತಾರೆ. ದೊಡ್ಡ ತಕ್ಕಡಿ ಸರಿಯಾದ ಮೇಲೆ ಅದಕ್ಕೆ ಹೊಂದಿಸಿ ಮಿಕ್ಕ ತಕ್ಕಡಿಗಳನ್ನು, ಅಂದರೆ ಗೋದಾಮಿನವು, ಗುಜರಿಯವು, ಜಿಮ್ಮಿನವು, ಎಲ್ಲವನ್ನೂ ಸರಿಮಾಡಿ ಸೀಲು ಹಾಕಲಾಗುತ್ತದೆ. ದೊಡ್ಡ ತಕ್ಕಡಿಯ ಮೇಲೆ ನಮ್ಮಲ್ಲಿರುವ ಎರಡು ಕಿಲೋ, ಐದು ಕಿಲೋ ಬಟ್ಟು ಇಟ್ಟು ನೋಡುವುದು ಅದಕ್ಕೆ ಅವಮಾನ ಎಂಬುದು ಸೀಲಣ್ಣನ ಅಭಿಪ್ರಾಯ. ಹೀಗಾಗಿ ಯಾರೂ ಇಟ್ಟು ನೋಡಿಲ್ಲ.

ಅರ್ಜಿದಾರ ಈ ಹೊಣೆಯನ್ನು ಹಗುರವಾಗಿ ತೆಗೆದುಕೊಂಡವನಲ್ಲ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ತಮ್ಮದೇ ಬಟ್ಟುಗಳ ಪೆಟ್ಟಿಗೆಯೊಂದಿಗೆ ಬಂದು ತೂಗಿದಾಗಲೆಲ್ಲ ತೊಂಬತ್ತು ತೊಂಬತ್ತೇ ಆಗಿತ್ತು. ಅದಕ್ಕಾಗಿ ಅವನು ಪಟ್ಟ ಪಾಡು ಅವನಿಗೇ ಗೊತ್ತು. ಇನ್ನೂರು ಗ್ರಾಮ್ ಕಡಿಮೆ ಅನ್ನಿಸಿದರೆ ಒಂದು ಲೋಟ ನೀರು ಕುಡಿದು ನಿಲ್ಲುತ್ತಿದ್ದ. ಹೆಚ್ಚು ಅನ್ನಿಸಿದರೆ ಹಿಂದಿನ ದಿನವೇ ಕೂದಲು ಕತ್ತರಿಸಿಕೊಂಡು ಬರುತ್ತಿದ್ದ. ಮದುವೆ ಮನೆಗಳಲ್ಲಿ ನೆಂಟರು ಎರಡನೇ ಸಲ ಬಡಿಸಲು ಬಂದರೆ ಸರಕಾರಿ ತೂಕವೆಂದು ಎಲೆಗೆ ಕೈ ಅಡ್ಡ ಹಿಡಿದವನು ಅವನು. ಈ ವರ್ಷ ಇನ್‌ಸ್ಪೆಕ್ಟರ ಹುದ್ದೆ ಖಾಲಿಯಿರುವ ಕಾರಣ ಯಾರೂ ಬಂದಿಲ್ಲ. ಅನಾಹುತಕ್ಕೆ ದಾರಿಯಾದದ್ದು ಅಲ್ಲಿ.

2. ಡಾಕ್ಟರ ಚೀಟಿ ಮತ್ತು ಮನೆಯಲ್ಲಿ ನಡೆದ ಚರ್ಚೆ

ನಾಲ್ಕು ತಿಂಗಳ ಹಿಂದೆ ಅರ್ಜಿದಾರನ ಮಂಡಿ ಮೆಟ್ಟಿಲು ಹತ್ತುವಾಗ ಸದ್ದು ಮಾಡತೊಡಗಿತು. ಅದೇ ವಾರ ಅವನ ಹೆಂಡತಿಗೆ ರಕ್ತದೊತ್ತಡ ಹೆಚ್ಚಾಗಿದೆಯೆಂದು ಗೊತ್ತಾಯಿತು. ಅವಳು ದರ್ಜಿ, ಮುಂದಿನ ಕೋಣೆಯಲ್ಲೇ ಯಂತ್ರ ಇಟ್ಟುಕೊಂಡು ಹೊಲಿಯುತ್ತಾಳೆ, ದಿನವಿಡೀ ಕೂತೇ ಇರುತ್ತಾಳೆ. ಡಾಕ್ಟರು ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು, ನಾಲ್ಕು ತಿಂಗಳಲ್ಲಿ ಇಬ್ಬರೂ ತಮ್ಮ ತೂಕದ ಹತ್ತರಲ್ಲೊಂದು ಪಾಲು ಇಳಿಸಿಕೊಂಡು ಬರಬೇಕೆಂದು ಒಂದೇ ಚೀಟಿಯಲ್ಲಿ ಬರೆದುಕೊಟ್ಟರು. ಅರ್ಜಿದಾರ ತೊಂಬತ್ತರಿಂದ ಎಂಬತ್ತೊಂದಕ್ಕೆ, ಅವಳು ಎಪ್ಪತ್ತೆರಡರಿಂದ ಸುಮಾರು ಅರವತ್ತೈದಕ್ಕೆ.

ಚೀಟಿ ಒಂದೇ ಆದರೂ ದಾರಿ ಎರಡಾಯಿತು. ಬ್ಯಾಂಕಿನ ಮಾಳಿಗೆಯಲ್ಲಿ ಹೊಸದಾಗಿ ಶುರುವಾಗಿದ್ದ ತೂಕ ಇಳಿಸುವ ಕೇಂದ್ರಕ್ಕೆ ಶುಲ್ಕ ಕಟ್ಟಿ ಸೇರುವುದು ಹೆಂಡತಿಯ ಆಲೋಚನೆ. ಅಲ್ಲಿ ವಾರಕ್ಕೊಂದು ಸಭೆ, ಮುದ್ರಿಸಿದ ಊಟದ ಪಟ್ಟಿ, ಜೊತೆಗೆ ಹನ್ನೊಂದು ಹೆಂಗಸರು. ಒಬ್ಬಳೇ ಆದರೆ ಮನಸ್ಸು ಜಾರುತ್ತದೆ, ಕೊಟ್ಟ ದುಡ್ಡಿನ ಮೇಲಿನ ಆಸೆಗಾದರೂ ಬಾಯಿ ಕಟ್ಟುತ್ತೇನೆ ಎಂದಳು. ಅರ್ಜಿದಾರನಿಗೆ ಇದು ತನ್ನ ವೃತ್ತಿಗೇ ಆದ ಅವಮಾನವೆನ್ನಿಸಿತು. ಹಗಲೆಲ್ಲ ತೂಗುವುದೇ ಕಸುಬಾದವನ ಮನೆಯಿಂದ ತೂಗಿಸಿಕೊಳ್ಳಲು ಹೊರಗೆ ದುಡ್ಡು ಕೊಡುವುದೇ? ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಸಾಕು. ತಿಂದದ್ದನ್ನು ತೂಗಿ ಕ್ಯಾಲೊರಿ ಎಣಿಸಿದರೆ ಆಯಿತು ಎಂದ. ಹಿತ್ತಲ ಗಿಡ ಮದ್ದಲ್ಲ ಎಂದು ಚುಚ್ಚಿಯೂ ಚುಚ್ಚಿದ. ಅವಳು ನಗುತ್ತಾ, ಹಿತ್ತಲ ಗಿಡಕ್ಕೇ ತೊಂಬತ್ತು ಕಿಲೋ ಇದೆಯಲ್ಲ ಎಂದಳು. ಕೊನೆಗೆ ಅವಳು ಕೇಂದ್ರಕ್ಕೆ ಸೇರಿದಳು, ಇವನು ನೋಟ್‌ಬುಕ್ಕು ಕೊಂಡ.

ಈ ಹಂತದಲ್ಲಿ ಅರ್ಜಿದಾರನು ಒಂದು ವಿಷಯವನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾನೆ. ತನ್ನ ದೇಹ ಕಡಿಮೆಯಾದರೆ ವಿಭಾಗದ ತೊಂಬತ್ತು ಕಿಲೋ ಬಟ್ಟೂ ಕಡಿಮೆಯಾಗುತ್ತದೆ ಎಂಬ ಯೋಚನೆ ಅವನ ತಲೆಗೆ ಬರಲೇ ಇಲ್ಲ. ಡಾಕ್ಟರು ಇಳಿಸು ಎಂದದ್ದು ಗಂಡನಿಗೆ, ಮಂಡಿ ನೋವಿನವನಿಗೆ; ಸೋಮವಾರ ಹಲಗೆಯ ಮೇಲೆ ನಿಲ್ಲುವವನು ನೌಕರ. ಇಬ್ಬರೂ ಒಬ್ಬನೇ ಎಂಬುದನ್ನು ಮನೆಯವರಾಗಲಿ, ಸೀಲಣ್ಣನಾಗಲಿ, ತಾವಾಗಲಿ ಹೇಳಲಿಲ್ಲ.

3. ಎಣಿಕೆ

ಅರ್ಜಿದಾರ ಎಣಿಸಿದ್ದರಲ್ಲಿ ತಪ್ಪಿಲ್ಲ. ಬ್ರೆಡ್ಡಿನ ತುಂಡು, ಬೇಯಿಸಿದ ಮೊಟ್ಟೆ, ಸೌತೆಕಾಯಿ ಎಲ್ಲವನ್ನೂ ಊಟದ ವಿರಾಮದಲ್ಲಿ ಚಿನ್ನದ ಅಂಗಡಿಯವರ ಸಣ್ಣ ತಕ್ಕಡಿಯಲ್ಲಿ ತೂಗಿ, ಪಟ್ಟಿ ನೋಡಿ, ಕ್ಯಾಲೊರಿ ಬರೆದಿದ್ದಾನೆ. (ಈ ಸಣ್ಣ ತಕ್ಕಡಿಗೆ ಬೇರೆ ಬಟ್ಟುಗಳಿದ್ದು, ಅದು ಸರಿಯಾಗಿದೆ. ಹೋದ ತಿಂಗಳು ಅದರ ತಟ್ಟೆಯಲ್ಲಿ ಸಿಕ್ಕ ಮೊಟ್ಟೆಯ ಸಿಪ್ಪೆಗೆ ತಾವು ಇನ್ನೊಬ್ಬರನ್ನು ಬೈದಿರಿ. ಅದು ಅರ್ಜಿದಾರನದು. ಕ್ಷಮೆಯಿರಲಿ.) ಟೀ ಚಮಚದ ಸಕ್ಕರೆಯನ್ನು ಹರಳೆಣಿಸುವಷ್ಟು ನಿಖರವಾಗಿ ಅಳೆದ. ಸಹೋದ್ಯೋಗಿಯ ಮಗಳ ಹುಟ್ಟುಹಬ್ಬದ ಚಾಕೊಲೇಟನ್ನು ನಾಲ್ಕು ಭಾಗ ಮಾಡಿ ನಾಲ್ಕು ದಿನ ತಿಂದು, ನಾಲ್ಕು ಸಲ ಬರೆದ.

ಹೆಂಡತಿಯೂ ಕೇಂದ್ರದ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಅಕ್ಷರವೂ ತಪ್ಪದಂತೆ ನಡೆದಳು. ಒಂದೇ ಮೇಜಿನಲ್ಲಿ ಎರಡು ಬಗೆಯ ಊಟ. ಅವಳ ತಟ್ಟೆ ಕೇಂದ್ರದ್ದು, ಇವನ ತಟ್ಟೆ ನೋಟ್‌ಬುಕ್ಕಿನದು. ಮೊದಲ ತಿಂಗಳು ಇಬ್ಬರೂ ಒಬ್ಬರನ್ನೊಬ್ಬರು ರೇಗಿಸುತ್ತಾ ಸಂತೋಷವಾಗಿಯೇ ಹಸಿದಿದ್ದರು.

4. ತಕ್ಕಡಿ ಹೇಳಿದ್ದು, ಟೇಪು ಹೇಳಿದ್ದು

ಸೋಮವಾರ ಸೀಲಣ್ಣ ತಿರುಪು ಬಿಗಿಮಾಡಿ ಕೆಳಗಿಳಿಸಿದ ಮೇಲೆ, ಅರ್ಜಿದಾರ ಮತ್ತೆ ಅದೇ ಹಲಗೆ ಹತ್ತಿ ತನ್ನ ಸ್ವಂತ ತೂಕ ನೋಡಿಕೊಳ್ಳುತ್ತಿದ್ದ. ತೊಂಬತ್ತು. ಮುಂದಿನ ವಾರವೂ ತೊಂಬತ್ತು. ಹದಿನೇಳು ವಾರ ತೊಂಬತ್ತು. ತಾನೇ ನಿಂತು ತೊಂಬತ್ತೆಂದು ಹೇಳಿಸಿದ ತಕ್ಕಡಿ ತನ್ನನ್ನು ಇನ್ನೇನೆಂದು ಹೇಳೀತು ಎಂಬುದು ಈಗ ಬರೆಯುವಾಗ ಸ್ಪಷ್ಟವಾಗಿದೆ. ಆಗ ಆಗಲಿಲ್ಲ. ಮೈ ಮಾತು ಕೇಳುತ್ತಿಲ್ಲವೆಂದು ಬೇಸರವಾದರೂ, ಡ್ಯೂಟಿಗೆ ಚ್ಯುತಿ ಬಂದಿಲ್ಲವೆಂದು ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು.

ಕೇಂದ್ರದ ತಕ್ಕಡಿಯೂ ನಮ್ಮಲ್ಲಿಗೇ ಬರುತ್ತದೆ. ಕೇಂದ್ರ ನಡೆಸುವವರು, ಇವರನ್ನು ಎಲ್ಲರೂ ತೂಕದಕ್ಕ ಎನ್ನುತ್ತಾರೆ, ಬಹಳ ಕಟ್ಟುನಿಟ್ಟಿನವರು. ಹದಿನೈದು ದಿನಕ್ಕೊಮ್ಮೆ ತಕ್ಕಡಿ ತಂದು ಸರಿಮಾಡಿಸಿಕೊಂಡು ಹೋಗುತ್ತಾರೆ. ಅವರು ಸ್ವಲ್ಪ ಅಸಡ್ಡೆಯವರಾಗಿದ್ದಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ. ಅರ್ಜಿದಾರ ಇಳಿದಂತೆಲ್ಲ ಅವರ ತಕ್ಕಡಿ ಏರಿಸಿ ತೋರಿಸುತ್ತಾ ಹೋಯಿತು. ಅವನ ಹೆಂಡತಿ ಗಂಡನಷ್ಟೇ ಪ್ರಮಾಣದಲ್ಲಿ ಇಳಿಯುತ್ತಿದ್ದುದರಿಂದ ಅವಳ ತೂಕ ಎಪ್ಪತ್ತೆರಡರಲ್ಲೇ ನಿಂತಿತು. ಇವರಿಬ್ಬರಷ್ಟು ಇಳಿಯದ ಮಿಕ್ಕವರೆಲ್ಲ ತಕ್ಕಡಿಯ ಲೆಕ್ಕದಲ್ಲಿ ದಪ್ಪವಾಗುತ್ತಾ ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ತೂಕದಕ್ಕ ಅವರ ಊಟವನ್ನು ಇನ್ನಷ್ಟು ಕಡಿತ ಮಾಡಿದರು. ಎಂಟು ಮಂದಿ ಕೇಂದ್ರವನ್ನೇ ಬಿಟ್ಟರು. ಅರ್ಜಿದಾರನ ಹೆಂಡತಿಯೂ ಸೇರಿ ಉಳಿದವರು ನಾಲ್ವರು. ತೂಕದಕ್ಕನೂ ಬಾಗಿಲು ಹಾಕಿಕೊಂಡು ಒಬ್ಬರೇ ತಕ್ಕಡಿ ಹತ್ತುತ್ತಿದ್ದರೆಂದೂ, ಹತ್ತಿದ ದಿನ ಯಾರೊಡನೆಯೂ ಮಾತಾಡುತ್ತಿರಲಿಲ್ಲವೆಂದೂ ಈಗ ತಿಳಿದುಬಂದಿದೆ.

ಗೋದಾಮಿನವರಿಗೆ ಐವತ್ತು ಕಿಲೋ ಮೂಟೆ ಐವತ್ತೈದಾಗಿ ಕಂಡರೂ ಅವರು ದೂರು ಕೊಡಲಿಲ್ಲ. ತಮಗೆ ಲಾಭವಾಗುವ ತಕ್ಕಡಿಯನ್ನು ಯಾರೂ ಅನುಮಾನಿಸುವುದಿಲ್ಲ. ತಾವು ಮೂರು ತಿಂಗಳ ಹಿಂದೆ ಸುಮ್ಮನೆ ಹಲಗೆ ಹತ್ತಿ, ಮುಖ ಸಣ್ಣದು ಮಾಡಿಕೊಂಡು ಇಳಿದು, ಟೀಗೆ ಸಕ್ಕರೆ ಬೇಡವೆಂದಿರಿ. ಅದರ ಅಗತ್ಯ ಇರಲಿಲ್ಲವೆಂದು ವಿನಯಪೂರ್ವಕ ತಿಳಿಸಲಾಗಿದೆ.

ಇಷ್ಟರಲ್ಲಿ ಸತ್ಯ ಹೇಳಿದ್ದು ಒಂದೇ ಒಂದು ವಸ್ತು, ಅರ್ಜಿದಾರನ ಹೆಂಡತಿಯ ಅಳತೆ ಟೇಪು. ಎರಡನೇ ತಿಂಗಳ ಕೊನೆಗೆ ಅವಳು ಸೊಂಟ ಅಳೆದುಕೊಂಡು, ಎರಡು ಇಂಚು ಕಡಿಮೆಯಾಗಿದೆ, ತಕ್ಕಡಿ ಸರಿಯಿದೆಯೇ ಒಮ್ಮೆ ನೋಡಿ ಎಂದಳು. ಅರ್ಜಿದಾರನಿಗೆ ಕೋಪ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದ. ಟೇಪು ಬಟ್ಟೆಯದು, ಎಳೆದರೆ ಹಿಗ್ಗುತ್ತದೆ. ತಕ್ಕಡಿ ಕಬ್ಬಿಣದ್ದು, ಮೇಲಾಗಿ ಸೀಲು ಬಿದ್ದದ್ದು ಎಂದು ಉಪನ್ಯಾಸವನ್ನೂ ಕೊಟ್ಟ. ಅದೇ ಅವಧಿಯಲ್ಲಿ ಅವನ ಪ್ಯಾಂಟುಗಳು ಸೊಂಟದಿಂದ ಜಾರುತ್ತಿದ್ದವು, ಅವಳು ಮೂರು ಸಲ ಒಳಗೆ ಹಿಡಿದು ಹೊಲಿದುಕೊಟ್ಟಿದ್ದಳು. ಒಗೆದೂ ಒಗೆದೂ ಬಟ್ಟೆ ಸಡಿಲವಾಗಿದೆ ಎಂದು ಅವನು ವಿವರಣೆ ಕೊಟ್ಟಿದ್ದ. ಒಗೆದರೆ ಬಟ್ಟೆ ಕುಗ್ಗುತ್ತದೆ ಎಂದು ದರ್ಜಿಗೆ ಗೊತ್ತಿಲ್ಲವೇ? ಅವಳು ದಾರ ಕಡಿದಳು, ಅಷ್ಟೆ.

ನಿಮ್ಮದೂ ಇಳಿದಿಲ್ಲವಲ್ಲ ಎಂದು ಅವಳು ಕೇಳಿದಳು. ಅದಕ್ಕೆ ಅರ್ಜಿದಾರ ಕೊಟ್ಟ ಉತ್ತರವನ್ನು ಇಲ್ಲಿ ಯಥಾವತ್ತಾಗಿ ದಾಖಲಿಸಲಾಗಿದೆ: “ನನ್ನದು ಇಳೀದೇ ಇರೋದು ಡ್ಯೂಟಿ. ನಿನ್ನದು ಇಳೀದೇ ಇರೋದು ಬಿಸ್ಕತ್ತು.”

5. ಬಿಸ್ಕತ್ತಿನ ವಿಚಾರ

ಈ ಅಂಶವನ್ನು ಬರೆಯದೆ ಬಿಡಬಹುದಿತ್ತು. ಆದರೆ ಅರ್ಜಿಯ ಮುಖ್ಯ ಕಾರಣ ಇದೇ ಆಗಿರುವುದರಿಂದ ಬರೆಯಲಾಗಿದೆ.

ಒಂದು ಮಾತನ್ನು ತಕ್ಕಡಿ ಹೇಳಿ, ತೂಕದಕ್ಕ ಹೇಳಿ, ಕಟ್ಟಿಕೊಂಡ ಗಂಡನೂ ಹೇಳಿದರೆ ಎಂಥವರಿಗಾದರೂ ತಮ್ಮ ಮೇಲೇ ಅನುಮಾನ ಬರುತ್ತದೆ. ಮೂರನೇ ತಿಂಗಳಲ್ಲಿ ಅವಳು ಟೇಪನ್ನು ಡ್ರಾಯರಿಗೆ ಹಾಕಿದಳು. ತನಗೇ ಅರಿವಿಲ್ಲದೆ ನಿದ್ದೆಯಲ್ಲಿ ಎದ್ದು ತಿನ್ನುತ್ತಿದ್ದೇನೋ ಏನೋ ಎಂದು ಹೆದರಿ, ಅಡುಗೆಮನೆಯ ಕಪಾಟಿಗೆ ಬೀಗ ಹಾಕಿ ಕೀಲಿ ನೀವೇ ಇಟ್ಟುಕೊಳ್ಳಿ ಎಂದು ಅರ್ಜಿದಾರನನ್ನು ಕೇಳಿದಳು. ಬೇರೆ ಯಾವ ಗಂಡನಾದರೂ ಛೇ ಎನ್ನುತ್ತಿದ್ದ. ಅರ್ಜಿದಾರ ಅಂದೇ ಸಂಜೆ ಅಂಗಡಿಗೆ ಹೋಗಿ ಒಳ್ಳೆಯ ಬೀಗ ತಂದ.

ಕೇಂದ್ರದ ನಿಯಮದಂತೆ, ನಾಲ್ಕು ತಿಂಗಳಾದರೂ ಇಳಿಯದವರು ಕೊನೆಯ ಸಭೆಯಲ್ಲಿ, ಎಲ್ಲರ ಮನೆಯವರ ಎದುರಿಗೆ, ತಾವು ಕದ್ದು ತಿಂದದ್ದರ ತಪ್ಪೊಪ್ಪಿಗೆಯನ್ನು ಓದಬೇಕು. ಆ ಸಭೆ ಈ ಶನಿವಾರ. ಅವಳು ಹಾಳೆ ಹಿಡಿದು ಎರಡು ದಿನ ಕೂತಳು. ಏನೂ ತಿಂದಿಲ್ಲವಾದ್ದರಿಂದ ಬರೆಯಲು ಏನೂ ಇರಲಿಲ್ಲ. ಖಾಲಿ ಹಾಳೆ ನಡೆಯುವುದಿಲ್ಲವೆಂದು ತೂಕದಕ್ಕ ಹೇಳಿಬಿಟ್ಟಿದ್ದರು. ಕೊನೆಗೆ ಅವಳು ಅರ್ಜಿದಾರನ ಸಹಾಯ ಕೇಳಿದಳು.

ಅರ್ಜಿದಾರ ತನ್ನ ನೋಟ್‌ಬುಕ್ಕು ತೆರೆದು ಲೆಕ್ಕ ಹಾಕಿದ. ಇಷ್ಟು ಊಟ ಮಾಡಿ ಇಷ್ಟು ದಿನ ಇಳಿಯಲಿಲ್ಲವೆಂದರೆ ದಿನಕ್ಕೆ ಸುಮಾರು ನಾನೂರರವತ್ತು ಕ್ಯಾಲೊರಿಯ ಕಳ್ಳತನ ನಡೆದಿರಲೇಬೇಕು. ಒಂದು ಬಿಸ್ಕತ್ತಿಗೆ ಐವತ್ತರಂತೆ, ದಿನಕ್ಕೆ ಒಂಬತ್ತು.

“ಒಂಬತ್ತಾ?” ಎಂದಳು ಅವಳು. “ಅಷ್ಟು ತಿಂದಿದ್ರೆ ನೆನಪಿರ್ತಿತ್ತಲ್ಲ.”

“ಲೆಕ್ಕ ಹಾಗೆ ಬರ್ತಿದೆ. ಬರ್ಕೋ.”

ಅವಳು ಬರೆದಳು. ಅವಳ ಕೈಬರಹ ಯಾವಾಗಲೂ ದುಂಡಗೆ. ಅಂದು ಇನ್ನೂ ಎಚ್ಚರದಿಂದ ಬರೆದಳು, ತಪ್ಪೊಪ್ಪಿಗೆಯಲ್ಲಿ ತಪ್ಪಾಗಬಾರದೆಂದೋ ಏನೋ. ಮನೆಯಲ್ಲಿ ನಾಲ್ಕು ತಿಂಗಳಿಂದ ಒಂದೂ ಬಿಸ್ಕತ್ತು ಇರಲಿಲ್ಲ. ಕಪಾಟಿಗೆ ಬೀಗವಿತ್ತು, ಕೀಲಿ ಅರ್ಜಿದಾರನ ಜೇಬಿನಲ್ಲಿತ್ತು. ಆದರೂ ಹಾಳೆಯ ಕೆಳಗೆ ‘ಮನೆಯವರ ಸಹಿ’ ಎಂದಿದ್ದ ಕಡೆ ಅವನು ಸಹಿ ಹಾಕಿದ. ಕಣ್ಣಾರೆ ನೋಡದ ತೂಕಕ್ಕೆ ಸೇವೆಯಲ್ಲಿ ಒಮ್ಮೆಯೂ ಸೀಲು ಹಾಕಿಸದವನು, ಇದಕ್ಕೆ ಸಹಿ ಹಾಕಿದ. ಹಾಕಬಾರದಿತ್ತು.

6. ಡಾಕ್ಟರ ತಕ್ಕಡಿಯ ಪ್ರಕರಣ

ನಿನ್ನೆ ಮಂಗಳವಾರ ಅರ್ಜಿದಾರ ಒಬ್ಬನೇ ಡಾಕ್ಟರ ಬಳಿ ಹೋದ. ತಪ್ಪೊಪ್ಪಿಗೆ ಮುಗಿಯುವವರೆಗೂ ತಾನು ಬರುವುದಿಲ್ಲವೆಂದು ಹೆಂಡತಿ ಮನೆಯಲ್ಲೇ ಉಳಿದಳು. ಡಾಕ್ಟರ ತಕ್ಕಡಿ ಅವರ ತಂದೆಯ ಕಾಲದ್ದು, ಒಮ್ಮೆಯೂ ಕೆಟ್ಟಿಲ್ಲ, ಆದ್ದರಿಂದ ಒಮ್ಮೆಯೂ ನಮ್ಮಲ್ಲಿಗೆ ಬಂದಿಲ್ಲ. ಅರ್ಜಿದಾರ ಹತ್ತಿದ. ಎಂಬತ್ತೊಂದು ತೋರಿಸಿತು. ಡಾಕ್ಟರು ಸಂತೋಷದಿಂದ ಅವನ ಕೈ ಕುಲುಕಿದರು.

ಅರ್ಜಿದಾರ ಕೈ ಬಿಡಿಸಿಕೊಂಡು, ನಿಮ್ಮ ತಕ್ಕಡಿ ಕೆಟ್ಟಿದೆ ಎಂದ. ಡಾಕ್ಟರು ನಕ್ಕರು. ಅರ್ಜಿದಾರ ನಗಲಿಲ್ಲ. ಒಂಬತ್ತು ಕಿಲೋ ಕಡಿಮೆ ತೋರಿಸುವ ತಕ್ಕಡಿಯನ್ನು ಕಣ್ಣೆದುರು ಕಂಡೂ ಬಿಟ್ಟುಹೋಗುವುದು ಕಸುಬಿಗೆ ದ್ರೋಹವೆಂದು, ಡಾಕ್ಟರು ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ರೋಗಿಯನ್ನು ನೋಡಲು ಹೋದಾಗ ಚೀಲದಿಂದ ಸ್ಕ್ರೂಡ್ರೈವರ್ ತೆಗೆದ. ಚಪ್ಪಲಿ ಬಿಟ್ಟು, ಜೇಬು ಖಾಲಿ ಮಾಡಿ, ಹಲಗೆಯ ಮೇಲೆ ನಿಂತು, ಬಗ್ಗಿ ಕಷ್ಟಪಟ್ಟು ತಿರುಪು ತಿರುಗಿಸಿ ತೊಂಬತ್ತಕ್ಕೆ ತಂದು ನಿಲ್ಲಿಸಿದ. ಕೂಲಿ ಬೇಡ, ಸೇವೆ ಎಂದು ಚೀಟಿ ಬರೆದು ಮೇಜಿನ ಮೇಲಿಟ್ಟ.

ಡಾಕ್ಟರು ಒಳಗೆ ಬಂದು ಏನೋ ಅನುಮಾನದಿಂದ ತಾವೇ ಹಲಗೆ ಹತ್ತಿದರು. ಇಳಿದು ಮತ್ತೊಮ್ಮೆ ಹತ್ತಿದರು.

“ಬೆಳಿಗ್ಗೆ ಎಪ್ಪತ್ತು ಇದ್ದೆ,” ಎಂದರು. “ಈಗ ಎಪ್ಪತ್ತೇಳು ಮುಕ್ಕಾಲು. ಮಧ್ಯೆ ಒಂದು ಟೀ ಕುಡಿದೆ ಅಷ್ಟೆ. ಏನು ಮಾಡಿದ್ರಿ ಇದಕ್ಕೆ?”

ಸರಿಮಾಡಿದೆ ಎಂದ ಅರ್ಜಿದಾರ. ಯಾವ ಬಟ್ಟು ಇಟ್ಟು ಸರಿಮಾಡಿದಿರಿ ಎಂದು ಡಾಕ್ಟರು ಕೇಳಿದರು. ಈ ಪ್ರಶ್ನೆಯನ್ನು ನಾಲ್ಕು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ನನ್ನನ್ನೇ ಎಂದು ಹೇಳಲು ಅರ್ಜಿದಾರ ಬಾಯಿ ತೆರೆದ. ಹಾ ಎಂದು ತೆರೆದ ಬಾಯಿ ಹಾಗೆಯೇ ಉಳಿಯಿತು. ಗಂಟಲು ನೋವಿರಬಹುದೆಂದು ಡಾಕ್ಟರು ಟಾರ್ಚು ಬಿಟ್ಟು ನೋಡಿದರೆಂದು ನೆನಪು.

ಅರ್ಜಿದಾರ ಅಲ್ಲೇ ಬೆಂಚಿನ ಮೇಲೆ ಕೂತು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದ. ತಕ್ಕಡಿ ತೊಂಬತ್ತೆಂದಾಗ ನಿಜ ಎಂಬತ್ತೊಂದು. ಹಾಗಾದರೆ ಎಪ್ಪತ್ತೆರಡೆಂದಾಗ ನಿಜ ಅರವತ್ತನಾಲ್ಕು ಕಿಲೋ ಎಂಟುನೂರು ಗ್ರಾಮ್. ಇಬ್ಬರೂ ಹತ್ತರಲ್ಲೊಂದು ಪಾಲು ಇಳಿಸಿದ್ದರು. ದುಡ್ಡು ಕೊಟ್ಟು ಸೇರಿದ ಕೇಂದ್ರ ಮೇಲೋ, ತಾನೇ ಎಣಿಸುವ ನೋಟ್‌ಬುಕ್ಕು ಮೇಲೋ ಎಂದು ನಾಲ್ಕು ತಿಂಗಳು ನಡೆದ ವಾದಕ್ಕೆ ಉತ್ತರ ಸಿಕ್ಕಿತು. ಎರಡೂ ಸಮ. ಇಬ್ಬರೂ ಕಡಿಮೆ ತಿಂದರು, ಇಬ್ಬರೂ ಇಳಿದರು. ವ್ಯತ್ಯಾಸ ಇಷ್ಟೇ: ನೋಟ್‌ಬುಕ್ಕು ಅರ್ಜಿದಾರನನ್ನು ಒಮ್ಮೆಯೂ ಕಳ್ಳ ಎನ್ನಲಿಲ್ಲ. ನೆಲ ಡೊಂಕಾಗಿಯೇ ಇತ್ತು, ಡೊಂಕು ಮಾಡಿದವನು ಅವನೇ.

7. ಉಲ್ಲೇಖ ಮೂರರ ಆದೇಶ

ನಿನ್ನೆ ಸಂಜೆ ಅರ್ಜಿದಾರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಅವಳು ಯಾರದೋ ತೋಳಿಗೆ ಅಂಚು ಹೊಲಿಯುತ್ತಿದ್ದಳು, ಯಂತ್ರ ನಿಲ್ಲಿಸದೆ ಕೇಳಿದಳು. ಅವನು ಕೀಲಿಯನ್ನು ಯಂತ್ರದ ಮೇಲಿಟ್ಟ. ಆಗ ಯಂತ್ರ ನಿಂತಿತು. ಅಳುತ್ತಾಳೆಂದು ಅವನು ಹೆದರಿದ್ದ. ಅವಳು ಅಳಲಿಲ್ಲ. ಎದ್ದು ಹೋಗಿ ಡ್ರಾಯರಿನಿಂದ ಟೇಪು ತೆಗೆದು ಕೊರಳಿಗೆ ಹಾಕಿಕೊಂಡು ಬಂದು ಕೂತಳು. ಅವಳನ್ನು ಹಾಗೆ ನೋಡಿ ಒಂದೂವರೆ ತಿಂಗಳಾಗಿತ್ತು. ಅರ್ಜಿದಾರನಿಗೇ ಕಣ್ಣು ತುಂಬಿತು. ಇದು ಕಚೇರಿಗೆ ಸಂಬಂಧಿಸಿದ್ದಲ್ಲವಾದರೂ ನಡೆದದ್ದನ್ನು ಬರೆಯಲಾಗಿದೆ.

ಅವನು ಕ್ಷಮಿಸು ಎಂದ.

“ಕ್ಷಮೆ ಆಮೇಲೆ,” ಎಂದಳು. “ಮೊದಲು ಆ ಒಂಬತ್ತು ಬಿಸ್ಕತ್ತು ವಾಪಸ್ ತಗೊಳ್ಳಿ. ಎಲ್ಲರ ಎದುರಿಗೆ.”

ಹೇಗೆ ಎಂದು ಅವನು ಕೇಳಿದ. ಅವಳು ಯೋಚಿಸಿಟ್ಟುಕೊಂಡವಳಂತೆಯೇ ಹೇಳಿದಳು. “ನಾನು ಹೇಳಿದ್ರೆ ನೀವು ನಂಬಲಿಲ್ಲ, ಸೀಲು ಹೇಳಿದ್ರೆ ನಂಬಿದ್ರಿ. ಈಗ ನೀವು ಹೇಳಿದ್ರೆ ನಾನು ನಂಬಲ್ಲ. ಸೀಲು ಹಾಕಿಸ್ಕೊಂಡು ಬನ್ನಿ.”

ಇನ್ನು ಮುಂದೆ ಯಾವ ತಕ್ಕಡಿಯನ್ನೂ ಹತ್ತುವುದಿಲ್ಲವೆಂದೂ ಅವಳು ಹೇಳಿದ್ದಾಳೆ. ಡಾಕ್ಟರು ಕರೆದರೂ ಟೇಪು ತೆಗೆದುಕೊಂಡೇ ಹೋಗುತ್ತಾಳಂತೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ತಮ್ಮಲ್ಲಿ ಕೋರುವುದೇನೆಂದರೆ:

(ಅ) ಅರ್ಜಿದಾರನನ್ನು ಬಟ್ಟಿನ ಹೊಣೆಯಿಂದ ಇಂದೇ ಬಿಡುಗಡೆ ಮಾಡಬೇಕು. ಎಂಬತ್ತೊಂದು ಕಿಲೋ ಬಟ್ಟಾಗಿ ಮುಂದುವರಿಸುವ ಆಲೋಚನೆ ಸೀಲಣ್ಣನಿಗೆ ಬಂದಿದೆ, ಅದನ್ನು ಒಪ್ಪಬಾರದು.

(ಆ) ಕೇಂದ್ರ ಕಚೇರಿಯಿಂದ ನಿಜವಾದ ಬಟ್ಟುಗಳನ್ನು ತರಿಸಬೇಕು. ಅವು ಈ ಹನ್ನೊಂದು ವರ್ಷಗಳಲ್ಲಿ ಇಳಿದಿರಲಾರವೆಂದು ನಂಬಲಾಗಿದೆ. ಅವು ಬರುವವರೆಗೆ ಐದು ಕಿಲೋ ಬಟ್ಟು ಇಟ್ಟು ದೊಡ್ಡ ತಕ್ಕಡಿಯನ್ನು ಸರಿಮಾಡಬೇಕು. ತಕ್ಕಡಿಗೆ ಅವಮಾನವಾದರೆ ಆಗಲಿ.

(ಇ) ನಾಲ್ಕು ತಿಂಗಳಲ್ಲಿ ಸೀಲು ಹಾಕಿದ ತಕ್ಕಡಿಗಳನ್ನೆಲ್ಲ ವಾಪಸು ಕರೆಸಬೇಕು. ಮೊದಲು ಕೇಂದ್ರದ್ದು. ಗೋದಾಮಿನವರು ಕೊಡಲು ಒಪ್ಪಲಾರರು, ಸ್ವಲ್ಪ ಗದರಬೇಕಾಗುತ್ತದೆ. ಡಾಕ್ಟರ ತಕ್ಕಡಿಯನ್ನು ಅವರೇ ಮೊದಲಿನಂತೆ ಮಾಡಿಕೊಂಡಿದ್ದು, ಅರ್ಜಿದಾರ ಅದರ ಹತ್ತಿರ ಬರಬಾರದೆಂದು ತಿಳಿಸಿದ್ದಾರೆ.

(ಈ) ತಕ್ಕಡಿಯಲ್ಲಿ ದೋಷವಿತ್ತು. ಕೇಂದ್ರದ ನಾಲ್ವರು ಸದಸ್ಯೆಯರಲ್ಲಿ ಯಾರ ಮೇಲೂ ಆ ತಕ್ಕಡಿಯ ಮಾತಿನಿಂದ ಕಳ್ಳತನ ಹೊರಿಸುವಂತಿಲ್ಲ. ಅರ್ಜಿದಾರನ ಹೆಂಡತಿ ಏಳು ಕಿಲೋ ಇನ್ನೂರು ಗ್ರಾಮ್ ಇಳಿಸಿದ್ದಾಳೆ. ಬಿಸ್ಕತ್ತು ತಿಂದಿಲ್ಲ. ಇಷ್ಟನ್ನೂ ಬರೆದು ತಾವು ಸಹಿ ಮಾಡಿ, ದೊಡ್ಡ ಸೀಲು ಹಾಕಿ, ಶುಕ್ರವಾರ ಸಂಜೆಯೊಳಗೆ ಪತ್ರ ಕೊಡಬೇಕು. ಸಣ್ಣ ಸೀಲು ನಡೆಯುವುದಿಲ್ಲವೆಂದು ಅವಳು ಹೇಳಿದ್ದಾಳೆ.

(ಉ) ತಾವು ಟೀಗೆ ಸಕ್ಕರೆ ಹಾಕಿಕೊಳ್ಳಬಹುದು. ಆದರೆ ಒಂದು ಚಮಚಕ್ಕೆ ಹದಿನಾರು ಕ್ಯಾಲೊರಿ ಎಂಬುದು ತಮ್ಮ ಗಮನದಲ್ಲಿರಲಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಹಿರಿಯ ತಕ್ಕಡಿ ರಿಪೇರಿಗಾರ,
ನಿವ್ವಳ ಎಂಬತ್ತೊಂದು ಕಿಲೋ

ಅಡಕಗಳು:
1) ಕ್ಯಾಲೊರಿ ನೋಟ್‌ಬುಕ್ಕು, ಒಂದು. (ಟೀ ಕಲೆಯಿರುವ ಪುಟಗಳ ಟೀಯನ್ನೂ ಎಣಿಸಲಾಗಿದೆ.)
2) ಡಾಕ್ಟರ ಚೀಟಿ.
3) ಅರ್ಜಿದಾರನ ಪ್ಯಾಂಟು, ಒಂದು; ಮೂರು ಸಲ ಒಳಗೆ ಹಿಡಿದ ಹೊಲಿಗೆಯ ಸಾಕ್ಷ್ಯ ಸಹಿತ. ನೋಡಿ ಹಿಂದಿರುಗಿಸಬೇಕು, ಇರುವುದು ಎರಡೇ.
4) ತಪ್ಪೊಪ್ಪಿಗೆಯ ಹಾಳೆ, ದುಂಡಗಿನ ಕೈಬರಹದಲ್ಲಿ. ಇದರಲ್ಲಿರುವುದು ಯಾವುದೂ ನಿಜವಲ್ಲ.

ಪ್ರತಿ: ತೂಕದಕ್ಕನವರಿಗೆ, ಮಾಹಿತಿಗಾಗಿ. ಅವರೂ ರಾತ್ರಿ ಊಟ ಮಾಡಬಹುದು.

ಕೊನೆಯ ಬಿನ್ನಹ: ಶನಿವಾರ ಅರ್ಜಿದಾರನಿಗೆ ರಜೆ ಬೇಕಾಗಿದೆ. ಸಭೆಯ ಕಾರ್ಯಕ್ರಮ ಅಚ್ಚಾಗಿ ಹೋಗಿದ್ದು, ಹೆಂಡತಿಯ ತಪ್ಪೊಪ್ಪಿಗೆಗೆ ಇಟ್ಟಿರುವ ಐದು ನಿಮಿಷವನ್ನು ತೆಗೆಯಲು ಬರುವುದಿಲ್ಲವಂತೆ. ಆದಕಾರಣ ಆ ಜಾಗದಲ್ಲಿ ಅರ್ಜಿದಾರ ನಿಂತು ತನ್ನ ತಪ್ಪೊಪ್ಪಿಗೆಯನ್ನು ಓದುತ್ತಾನೆ. ಅವಳು ಮೊದಲ ಸಾಲಿನಲ್ಲಿ ಕೂರುತ್ತಾಳೆ, ಕೈಯಲ್ಲಿ ಹೊಲಿಗೆಯನ್ನೂ ತರುತ್ತಾಳಂತೆ, ಏಕೆಂದರೆ ಅವನ ಓದು ಐದು ನಿಮಿಷದಲ್ಲಿ ಮುಗಿಯುವುದಿಲ್ಲವೆಂದು ಅವಳ ಅಂದಾಜು. ಅವಳ ಅಂದಾಜು ಈ ನಾಲ್ಕು ತಿಂಗಳಲ್ಲಿ ಒಮ್ಮೆಯೂ ತಪ್ಪಿಲ್ಲ. ಆದ್ದರಿಂದ ಅರ್ಧ ದಿನದ ರಜೆ ಸಾಲದು, ಪೂರ್ತಿ ದಿನದ್ದು ಮಂಜೂರು ಮಾಡಬೇಕಾಗಿ ಕೋರಿಕೆ.